ಅಜ್ಜಿಯ ಗಿಳಿ, ಗಿಳಿಯ ಕಣ್ಣು

ನಾಗರಬಾವಿಯಲ್ಲಿ ಹಕ್ಕಿಗಳ ಡಾಕ್ಟರ್ ಅಂತ ಬೋರ್ಡು ಹಾಕಿಕೊಂಡು ಕೂತವನು ನಗು ಹುಡುಕಿಕೊಂಡು ಹೋಗಬೇಕಿಲ್ಲ; ಅದೇ ಪಂಜರ ಹಿಡಿದು ಆಟೋದಲ್ಲಿ ಬರುತ್ತದೆ. ದಾವಣಗೆರೆ ಕಡೆಯಿಂದ ಬಂದು ಇಲ್ಲೇ ನೆಲೆಸಿದ್ದ ಒಬ್ಬ ಅಜ್ಜಿಯ ಮನೆಯಿಂದಂತೂ ಮತ್ತೆ ಮತ್ತೆ ಬಂತು.

೧. ಕುಣಿಯುವ ಪಾಪೆ

"ನಮ್ಮ ಹಸಿರು ಗಿಳಿ ಕಣ್ಣಿಗೆ ಏನೋ ಆಗೈತ್ರಿ ಡಾಕ್ಟ್ರೇ," ಅಂದರು ಅಜ್ಜಿ. ಪಂಜರದಲ್ಲಿದ್ದದ್ದು ಆಕಾಶನೀಲಿ ಬಣ್ಣದ, ಬಡ್ಜಿ ಜಾತಿಯ ಪುಟಾಣಿ ಗಿಳಿ. ವಯಸ್ಸಾದವರ ಮಾತು, ನಾನು ತಿದ್ದಲು ಹೋಗಲಿಲ್ಲ.

ಜೊತೆಗೆ ಬಂದಿದ್ದ ಸೊಸೆ ವಿವರಿಸಿದರು. "ಪಾಪೆ ಚಿಕ್ಕದಾಗುತ್ತೆ, ದೊಡ್ಡದಾಗುತ್ತೆ ಸಾರ್. ಅತ್ತೆ ಕೊತ್ತಂಬರಿ ಸೊಪ್ಪು ಬಿಡಿಸೋವಾಗ ಜಾಸ್ತಿ."

ಗಿಳಿಗೆ ಖುಷಿಯಾದರೆ ಪಾಪೆ ಹಾಗೆ ಕುಣಿಯುತ್ತದೆ, ರೋಗವಲ್ಲ ಅಂದೆ.

"ಹಂಗಾರೆ ನಮ್ಮ ಯಜಮಾನ್ರದೂ ರೋಗ ಅಲ್ಲ ಬಿಡ್ರಿ," ಅಂದರು ಅಜ್ಜಿ. "ಮೆಣಸಿನಕಾಯಿ ಬಜ್ಜಿ ಕಂಡ್ರೆ ಅವರ ಕಣ್ಣೂ ಹಂಗ ಆಗ್ತೈತಿ."

೨. ಓರೆ ನೋಟ

ಮುಂದಿನ ವಾರ ಆ ಯಜಮಾನರೇ ಬಂದರು. ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು.

"ಇದಕ್ಕೆ ಒಂದು ಕಣ್ಣು ಕಾಣಂಗಿಲ್ರಿ. ಎದುರಿಗೆ ನಿಂತು ಮಾತಾಡಿದ್ರೆ ತಲೆ ವಾರೆ ಮಾಡಿ ಒಂದೇ ಕಣ್ಣಾಗ ನೋಡ್ತೈತಿ."

ಗಿಳಿಯ ಕಣ್ಣುಗಳಿರುವುದು ತಲೆಯ ಅಕ್ಕಪಕ್ಕದಲ್ಲಿ. ಏನನ್ನಾದರೂ ಸರಿಯಾಗಿ ನೋಡಬೇಕೆಂದರೆ ಅದು ಹಾಗೇ ತಲೆ ವಾಲಿಸುತ್ತದೆ ಅಂದೆ.

ಮೇಷ್ಟ್ರ ಮುಖ ಅರಳಿತು. "ಅಂದ್ರೆ ಗಮನ ಇಟ್ಟು ಕೇಳ್ತಿತ್ತು! ನನ್ನ ಸರ್ವೀಸಿನಾಗ ಇದೇ ಮೊದಲು ನೋಡ್ರಿ."

೩. ಬಿಳಿ ಪುಡಿ

ಮೂರನೇ ಸಲ ಯಾರೂ ನಗಲಿಲ್ಲ. ಗಿಳಿಯ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಕಣ್ಣು ಹೋದ್ರೆ ಇದು ಹೆಂಗ ಬದುಕ್ತೈತ್ರಿ?"

ನನಗೂ ಹೆದರಿಕೆಯಾಗಿತ್ತು. ಮೆಲ್ಲಗೆ ತೊಳೆದರೆ ಬಿಳಿ ಪುಡಿ ಬಂತು.

"ವಿಭೂತಿ ಇರಬೇಕ್ರಿ," ಅಂದರು ಅಜ್ಜಿ. "ಪೂಜೆ ಆದ ಮ್ಯಾಲೆ ಮನೆಯೋರಿಗೆಲ್ಲ ಹಚ್ತೀನಿ. ಇದೊಂದನ್ನ ಬಿಡಾಕ ಆಗ್ತೈತೇನು?"

"ಹಣೆಗೆ ತಾನೇ ಹಚ್ಚೋದು?"

"ಹಣೆಗೇ!"

ಸೊಸೆ ತಡೆಯಲಾರದೆ ಬಾಯಿಬಿಟ್ಟರು. "ಸಾರ್, ಇವತ್ತು ನನಗೆ ಹಚ್ಚಿದ್ದು ಮೂಗಿಗೆ. ಮಾವನಿಗೆ ಕನ್ನಡಕದ ಗಾಜಿಗೆ. ಅತ್ತೆ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸೋಣ ಅಂದ್ರೆ ಒಂದು ವರ್ಷದಿಂದ ಒಪ್ತಾ ಇಲ್ಲ."

"ಅಜ್ಜಿ, ನಿಮ್ಮ ಕಣ್ಣು ಸರಿಹೋಗೋವರೆಗೂ ಗಿಳಿಗೆ ವಿಭೂತಿ ಹಚ್ಚಬೇಡಿ," ಅಂದೆ. ಯಾರ ಮಾತಿಗೂ ಬಗ್ಗದ ಅಜ್ಜಿ ಪಂಜರದ ಕಡೆ ತಿರುಗಿ, "ನಿನ್ನ ಸಲುವಾಗಿ ಮಾಡಿಸ್ಕೊಂತೀನಿ ಬಿಡು," ಅಂದರು.

ವಾರದ ಡ್ರಾಪ್ಸ್ ಮುಗಿಯುವಷ್ಟರಲ್ಲಿ ಗಿಳಿ ಎಡಗಣ್ಣು ಬಿಟ್ಟಿತು. ಸದ್ಯ, ನಾನು ಬದುಕಿದೆ ಅನ್ನಿಸಿತು. ನಾನು ಬಿಟ್ಟ ನಿಟ್ಟುಸಿರು ಮಲ್ಲತ್ತಹಳ್ಳಿ ಕೆರೆಯವರೆಗೂ ಕೇಳಿಸಿರಬೇಕು.

೪. ಆಪರೇಷನ್ ಆದ ಮೇಲೆ

ಎರಡು ತಿಂಗಳು ಕಳೆದು ಅಜ್ಜಿ ಪಂಜರದೊಂದಿಗೆ ನುಗ್ಗಿದರು. ಥ್ಯಾಂಕ್ಸ್ ಹೇಳಲು ಬಂದರೆಂದು ನಾನು ಎದ್ದು ನಿಂತೆ.

"ನನ್ನ ಗಿಳಿ ಎಲ್ಲೈತ್ರಿ?"

"ನಿಮ್ಮ ಕೈಯಲ್ಲೇ ಇದೆಯಲ್ಲ ಅಜ್ಜಿ!"

"ಸುಳ್ಳು ಹೇಳಬ್ಯಾಡ್ರಿ. ನಾನು ಸಾಕಿದ್ದು ಹಸಿರು ಗಿಳಿ. ಇದು ನೀಲಿ!"

ಪೊರೆ ಬಂದ ಕಣ್ಣಿಗೆ ನೀಲಿ ಹಸಿರಾಗಿ ಕಾಣುತ್ತಿತ್ತು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಪಂಜರಕ್ಕೆ ಕೊತ್ತಂಬರಿ ಎಲೆ ಒಡ್ಡಿದೆ. ಗಿಳಿ ತಲೆ ವಾಲಿಸಿತು, ಪಾಪೆ ಕುಣಿಯಿತು. ಇಷ್ಟು ದಿನ ಸೊಸೆಯ ಬಾಯಲ್ಲಿ ಕೇಳಿದ್ದ ಆ ಕುಣಿತವನ್ನು ಅಜ್ಜಿ ಕಣ್ಣಾರೆ ಕಂಡದ್ದು ಅದೇ ಮೊದಲು. ಎಷ್ಟೋ ಹೊತ್ತು ನೋಡಿದರು.

"ನಮ್ಮದೇ ಐತಿ ಬಿಡ್ರಿ," ಅಂದರು. ಆಮೇಲೆ ನನ್ನನ್ನು ದುರುಗುಟ್ಟಿ ನೋಡಿದರು. "ಆದ್ರೆ ಇದಕ್ಕ ಬಣ್ಣ ಯಾಕ ಹೊಡೆದ್ರಿ?"