ನನ್ನ ಲಾನು ಬಸುರಾದ ಪ್ರಸಂಗ

ಈ ಸಲದ ಯುಗಾದಿಯಂದು, ಬೇವುಬೆಲ್ಲ ಇನ್ನೂ ಬಾಯಲ್ಲಿರುವಾಗಲೇ ನಾನೊಂದು ಘನಘೋರ ಪ್ರತಿಜ್ಞೆ ಮಾಡಿದೆ. ಬಳ್ಳಾರಿಯ ನಮ್ಮ ಮನೆಯ ಮುಂದಿನ ಅಂಗಳದಲ್ಲಿ ಲಾನ್ ಬೆಳೆಸಿಯೇ ತೀರುತ್ತೇನೆ! ಅಂತಿಂಥ ಲಾನಲ್ಲ. ಊಟಿಯವರು ಬಂದು ನೋಡಿ, ತಮ್ಮ ಊರಿಗೆ ಮುಖ ತೋರಿಸಲಾಗದೆ ಇಲ್ಲೇ ಉಳಿದುಬಿಡಬೇಕು, ಅಂಥ ಲಾನು!

ನನ್ನ ಹೆಂಡತಿ ಅರುಣಾಗೆ ಆ ಅಂಗಳದ ಮೇಲೆ ಬಹಳ ದಿನದಿಂದ ಕಣ್ಣು. ಅಲ್ಲಿ ಕಡಪಾ ಬಂಡೆ ಹಾಸಿಸಿ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸಬೇಕೆಂಬುದು ಅವಳ ಆಸೆ. ದೇವರು ನಮ್ಮೂರಿಗೆ ಇಷ್ಟು ಬಿಸಿಲು ಕೊಟ್ಟಿರುವಾಗ ಅದನ್ನು ದಂಡ ಮಾಡುವುದು ಪಾಪ ಎಂಬುದು ಅವಳ ಸಿದ್ಧಾಂತ. ವಾದವಾಯಿತು, ವಿವಾದವಾಯಿತು, ಒಂದು ಹೊತ್ತಿನ ಸಾರಿಗೆ ಉಪ್ಪೂ ಬೀಳಲಿಲ್ಲ. ಕೊನೆಗೆ ಒಪ್ಪಂದಕ್ಕೆ ಬಂದೆವು. ದಸರೆ ಮುಗಿದ ಮೇಲೆ ನಮ್ಮ ಆಫೀಸಿನವರನ್ನು ಕರೆದು ಲಾನಿನ ಮೇಲೆ ಚಹಾ ಕುಡಿಸುತ್ತೇನೆ. ಅವರು ಅದನ್ನು ಲಾನ್ ಎಂದು ಒಪ್ಪಿದರೆ ಅಂಗಳ ನನ್ನದು. ಇಲ್ಲವಾದರೆ ಬಂಡೆ.

"ಆಮ್ಯಾಲ ಮಾತು ಬದಲಿಸಂಗಿಲ್ಲ ಮತ್ತ," ಎಂದಳು ಅರುಣಾ.

ನರ್ಸರಿಯಿಂದ ಚಾಪೆಯಂತೆ ಸುತ್ತಿದ ಹುಲ್ಲು ತಂದು ಹಾಸಿದೆ. ಇಲ್ಲೊಂದು ವಿಷಯ ಹೇಳಬೇಕು. ನಾನು ಕೂತಲ್ಲಿ ಕೂರುವ ಪೈಕಿಯಲ್ಲ. ಸಿನಿಮಾಕ್ಕೆ ಹೋದರೂ ನಡುನಡುವೆ ಎದ್ದು ಹೊರಗೆ ಹೋಗಿ ಸ್ಕೂಟರ್ ನೋಡಿ ಬರುವವನು. ಹುಲ್ಲು ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಬೆಳಿಗ್ಗೆ ಒಂದು ಮೂಲೆ ಎತ್ತಿ ನೋಡುತ್ತಿದ್ದೆ, ಸಂಜೆ ಇನ್ನೊಂದು ಮೂಲೆ. ಭಾನುವಾರ ಎಲ್ಲ ಮೂಲೆಗಳೂ! ಅಷ್ಟರಲ್ಲಿ ಮೇ ತಿಂಗಳು ಬಂತು. ನಲ್ಲಿಯ ನೀರು ಯಾವಾಗ ಬರುತ್ತದೆಂದು ನಲ್ಲಿಗೇ ಗೊತ್ತಿರಲಿಲ್ಲ. ಹುಲ್ಲು ಒಣಗಿ ಗರಿಗರಿಯಾಯಿತು. ಅರುಣಾ ಬಂದು ಒಂದು ಚೂರು ಮುರಿದು ನೋಡಿದಳು.

"ಎಣ್ಣಿ ಕಾಯಾಕಿಡ್ಲೇನ್ರಿ? ಕರಿಯಾಕ ಬರ್ತೈತಿ."

ತಪ್ಪೆಲ್ಲ ಮಣ್ಣಿನದು ಎಂದು ನರ್ಸರಿಯವರು ತೀರ್ಪು ಕೊಟ್ಟರು. ನಮ್ಮ ಅಂಗಳದ್ದು ಬರೀ ಕೆಂಪು ಗರಸು ಮಣ್ಣಂತೆ. ಸರಿ, ಸಿರುಗುಪ್ಪದ ಕಡೆಯ ರಾರಾವಿ ನನ್ನ ಮಾವನ ಊರು. ಅಲ್ಲಿ ಹೊಳೆಯ ನೀರಿನಲ್ಲಿ ಭತ್ತ ಬೆಳೆಯುವ ಹೆಂಡತಿಯ ತಮ್ಮ ಮರಿಬಸಪ್ಪನಿಗೆ ಫೋನ್ ಮಾಡಿ, ಒಂದು ಟ್ರ್ಯಾಕ್ಟರ್ ಒಳ್ಳೆಯ ಎರೆಮಣ್ಣು ಕಳಿಸಪ್ಪಾ ಎಂದೆ. ಎಲ್ಲಿಯದು ಬೇಕೆಂದು ಕೇಳಿದ. ಎಲ್ಲಿ ಚೆನ್ನಾಗಿದೆಯೋ ಅಲ್ಲಿಯದು ಎಂದೆ. ಅಕ್ಕನ ಗಂಡ ಬಾಯಿಬಿಟ್ಟು ಕೇಳಿದ್ದಾನೆಂದು ಆತ ಕಣದ ಪಕ್ಕದ ಮಣ್ಣನ್ನೇ ಬಗೆದು ತುಂಬಿಸಿದ. ಬೇಸಿಗೆಯ ಭತ್ತವನ್ನು ರಾಶಿ ಹಾಕಿ ಒಣಗಿಸಿದ ಜಾಗ ಅದು. ನಾನು ಬಳ್ಳಾರಿ ಪೇಟೆಯಲ್ಲಿ ಹುಟ್ಟಿ ಬೆಳೆದವನು. ಭತ್ತದ ಜೊತೆ ನನ್ನ ಪರಿಚಯ ಶುರುವಾಗುವುದೇ ತಟ್ಟೆಯಲ್ಲಿ. ಮಣ್ಣು ಮಣ್ಣೇ ತಾನೇ ಎಂದುಕೊಂಡು ಹರಡಿಸಿ, ಬದುಕುಳಿದ ನಾಲ್ಕು ಹುಲ್ಲಿನ ಕಡ್ಡಿಗಳನ್ನು ಅದರಲ್ಲಿ ನೆಟ್ಟೆ.

ಮಳೆ ಬಿತ್ತು. ಒಂದು ಬೆಳಿಗ್ಗೆ ಹೊರಗೆ ಬಂದರೆ ಏನು ಹೇಳಲಿ! ಅಂಗಳದ ತುಂಬ ಹಸಿರು! ನಾನು ಬನಿಯನ್ನಿನಲ್ಲೇ ಕುಣಿದೆ. ಅರುಣಾ ಬಂದು ಬಗ್ಗಿ ಒಂದು ಎಳೆ ಕಿತ್ತಳು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, "ಚೊಲೋ ಬಂದೈತಿ. ಸುತ್ತಲೂ ಸಣ್ಣ ಬದು ಹಾಕ್ರಿ, ನೀರು ನಿಂದ್ರಲಿ," ಎಂದಳು. ಎದುರಾಳಿಯೇ ಸಲಹೆ ಕೊಡುವಷ್ಟು ದೊಡ್ಡ ಮನಸ್ಸು! ನನ್ನ ಕಣ್ಣು ಒದ್ದೆಯಾಯಿತು. ಬದು ಹಾಕಿದೆ.

ಪಕ್ಕದ ಮನೆಯ ದಾವಲಸಾಬರದು ಜೀನ್ಸ್ ಬಟ್ಟೆ ಕತ್ತರಿಸುವ ಕೆಲಸ. ಅವರ ದೊಡ್ಡ ಕತ್ತರಿ ತಂದು, ಕುಕ್ಕರಗಾಲಲ್ಲಿ ಕೂತು ಲಾನಿಗೆ ಕ್ಷೌರ ಮಾಡಿದೆ. ಎರಡು ಸಲ ಮಾಡಿದ್ದೇ ಬಂತು, ಶ್ರಾವಣ ಹಿಡಿಯಿತು. ಶ್ರಾವಣದಲ್ಲಿ ಹಸಿರಿಗೆ ಕತ್ತರಿ ಹಾಕುವುದು ತವರಿನ ಕಡೆ ನಿಷಿದ್ಧ ಎಂದಳು ಅರುಣಾ. ಶ್ರಾವಣ ಮುಗಿದರೆ ಗಣಪತಿ ಹಬ್ಬ, ಆಗಲೂ ನಿಷಿದ್ಧ. ಗಣಪತಿ ಹೋದರೆ ಪಿತೃಪಕ್ಷ, ಆಗಂತೂ ಕೇಳಲೇಬೇಡಿ. ಹೆಂಡತಿಯ ತವರಿನ ಪದ್ಧತಿಗೆ ಎದುರು ಮಾತಾಡಿ ಉದ್ಧಾರವಾದವರನ್ನು ನಾನು ಕಂಡಿಲ್ಲ. ಕತ್ತರಿ ವಾಪಸು ಹೋಯಿತು. ದಸರೆಯ ಹೊತ್ತಿಗೆ ಲಾನು ನನ್ನ ಮೊಣಕಾಲು ದಾಟಿತ್ತು.

ರಾತ್ರಿಯಿಡೀ ಕಪ್ಪೆಗಳ ಸಂಗೀತ, ಬೆಳಗಾದರೆ ಬೆಳ್ಳಕ್ಕಿಗಳ ಸಭೆ. ದಾವಲಸಾಬರು ಕಾಂಪೌಂಡಿನ ಮೇಲಿಂದ ಇಣುಕಿದರು.

"ಸಾಹೇಬ್ರ, ಲಾನಿಗೆ ಬೆಳ್ಳಕ್ಕಿ ಬರ್ತಾವೇನ್ರಿ?"

"ಒಳ್ಳೆ ಲಾನಿಗೆ ಮಾತ್ರ ಬರ್ತಾವ," ಎಂದೆ ನಾನು.

ಹೇಳಿದೆನಾದರೂ ಒಳಗೊಳಗೇ ನನಗೆ ತಳಮಳ. ಲಾನೆಂದರೆ ಮೇಲೆ ಕೂರುವುದಲ್ಲವೇ? ಇದರೊಳಗೆ ಕೂತರೆ ಮನುಷ್ಯ ಕಾಣುವುದೇ ಇಲ್ಲ! ಊಟದ ನಡುವೆ ಎದ್ದು ಹೋಗಿ ನೋಡಿ ಬಂದೆ. ಸ್ನಾನದ ನಡುವೆ ಎದ್ದು ಬಂದಾಗ ಅರುಣಾ ಬೈದು ವಾಪಸು ಕಳಿಸಿದಳು. ಕೊನೆಗೆ ಬದುವಿನ ಮೇಲೆ ಹಲಗೆ ಹಾಕಿ ಕುರ್ಚಿ ಜೋಡಿಸಿದೆ.

ಭಾನುವಾರ ಆಫೀಸಿನವರು ಬಂದರು. ಮುಂದಾಳು ನಮ್ಮ ಮ್ಯಾನೇಜರ್ ಕೊಟ್ಟೂರಪ್ಪನವರು, ಕುರುಗೋಡಿನ ಕಡೆಯವರು. ಅವರು ಲಾನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. ಇದು ಯಾವ ಜಾತಿಯ ಹುಲ್ಲೆಂದು ಮೆಲ್ಲಗೆ ಕೇಳಿದರು. "ಇಂಪೋರ್ಟೆಡ್ ಸರ್," ಎಂದುಬಿಟ್ಟೆ. ಅವರು ಏನೋ ಹೇಳಲು ಬಾಯಿ ತೆರೆದು, ಬದಲಿಗೆ ಚಹಾ ಗುಟುಕರಿಸಿದರು. ಇನ್ನೇನು, ಅವರ ಬಾಯಿಂದ 'ಲಾನ್' ಎಂಬ ಎರಡಕ್ಷರ ಬಿದ್ದರೆ ಅಂಗಳ ನನ್ನದು!

ಆಗ ಗೇಟಿನ ಮುಂದೆ ಆಟೋ ನಿಂತಿತು. ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಅತ್ತೆ ಶಿವಬಸಮ್ಮನವರು ಇಳಿದರು, ಹಿಂದೆ ತಂಬಿಗೆ ಹಿಡಿದ ಮರಿಬಸಪ್ಪ. ಅಂದು ಸೀಗಿ ಹುಣ್ಣಿಮೆ ಎಂಬುದು ನನಗೆ ಹೊಳೆದದ್ದೇ ಆಗ. ಬಸುರಿಯ ಬಯಕೆ ತೀರಿಸಿದ ಹಾಗೆ, ತುಂಬಿ ನಿಂತ ಬೆಳೆಗೆ ಉಣಬಡಿಸುವ ದಿನ ಅದು. ಅತ್ತೆ ಯಾರನ್ನೂ ನೋಡದೆ ನೇರ ಲಾನಿಗಿಳಿದರು. ಪಾಂಡವರೆಂದು ಐದು ಕಲ್ಲಿಟ್ಟು ಪೂಜೆ ಮಾಡಿ, ಹಸಿರು ಕುಪ್ಪಸದ ಖಣವನ್ನೂ ಬಳೆಯನ್ನೂ ಏರಿಸಿ ನನ್ನ ಲಾನಿನ ಉಡಿ ತುಂಬಿದರು! ಆಮೇಲೆ ಬುಟ್ಟಿಯಿಂದ ಕಡಬು, ಪಲ್ಯ, ಅನ್ನ ಕಲಸಿದ, ಭೂತಾಯಿಗೆ ಉಣಿಸುವ ಚರಗವನ್ನು ಹಿಡಿಹಿಡಿಯಾಗಿ ತೆಗೆದು, "ಹುಲಿಗ್ಯೋ... ಚಲ್ಲಂಬ್ರಿಗ್ಯೋ..." ಎಂದು ಚರಗ ಚೆಲ್ಲುವಾಗಿನ ವಾಡಿಕೆಯ ಕೂಗು ಹಾಕುತ್ತ ಸುತ್ತಲೂ ಎರಚಿದರು. ಒಂದು ಚೂರು ಕಡಬು ಹಾರಿ ಮ್ಯಾನೇಜರರ ಚಹಾದಲ್ಲಿ ಬಿತ್ತು.

"ಅಳಿಯಂದ್ರ, ಬೆಳಿ ಹೊಡಿ ತುಂಬೈತಿ," ಎಂದರು ಅತ್ತೆ, ಒಳಗೆ ತೆನೆ ಕಟ್ಟಿ ಉಬ್ಬಿದ ದಂಟನ್ನು ಸವರುತ್ತ. "ಬಸುರಿ ಐತಿ. ಇನ್ನ ಕತ್ತರಿ ಗಿತ್ತರಿ ಮುಟ್ಟಿಸಬ್ಯಾಡ್ರಿ."

ಕೊಟ್ಟೂರಪ್ಪನವರು ಕಡಬನ್ನು ಚಮಚದಿಂದ ಎತ್ತಿ ಬಾಯಿಗೆ ಹಾಕಿಕೊಂಡರು. "ಸೋನಾ ಮಸೂರಿ ಅಲ್ಲೇನ್ರವ್ವ? ಇವರು ನೋಡಿದ್ರ ಇಂಪೋರ್ಟೆಡ್ ಅಂದ್ರು."

"ಆ ಊರಿಂದಲ್ರಿ, ರಾರಾವಿಂದು," ಎಂದರು ಅತ್ತೆ.

ಆಫೀಸಿಗೆ ಆಫೀಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕು ಹಸಿವಾಗಿ, ಬುಟ್ಟಿಯಲ್ಲಿದ್ದ ಕಡಬನ್ನೆಲ್ಲ ಖಾಲಿ ಮಾಡಿ ಹೋಯಿತು. ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಎನಿಸಿತು ನನಗೆ. ಆದರೆ ಅಲ್ಲಿ ಭತ್ತಕ್ಕೇ ಜಾಗ ಸಾಲದಾಗಿತ್ತು. ಒಳಗೆ ಬಂದು ಅರುಣಾಳನ್ನು ಕೇಳಿದೆ, ಇದು ನಿನಗೆ ಯಾವಾಗ ಗೊತ್ತಾಯಿತು?

"ಮೊಳಕಿ ಬಂದ ದಿನಾನ. ರಾರಾವ್ಯಾಗ ಹುಟ್ಟಿದಾಕಿ ರೀ ನಾನು."

"ಹೇಳಾಕ ಏನಾಗಿತ್ತು?"

"ಬರೋ ಅನ್ನ ಬ್ಯಾಡ ಅಂತಾರೇನ್ರಿ?"

ಸೋತವನಿಗೂ ಒಂದು ಹುಲ್ಲುಕಡ್ಡಿ ಬೇಕು. ಬೆಳೆ ನಿಂತ ಜಾಗಕ್ಕೆ ಬಂಡೆ ಹಾಕುವವರುಂಟೇ ಎಂದು ನಾನು ಅತ್ತೆಯ ಮುಂದೆಯೇ ನ್ಯಾಯ ತೆಗೆದೆ. ಉಂಟೇ, ಮಹಾಪಾಪ ಎಂದರು ಅತ್ತೆ. ನನ್ನ ಮೀಸೆ ಅರ್ಧ ಮೇಲೇರಿತು. ಅರುಣಾ ತಣ್ಣಗೆ ಹೇಳಿದಳು:

"ಹೌದು, ಕೊಯ್ಯೋತನಕ ಯಾರೂ ಮುಟ್ಟಂಗಿಲ್ಲ. ಕೊಯ್ದ ಮ್ಯಾಲ ಒಣಗಸಾಕ ಕಣ ಬೇಕಲ್ರಿ?"

ಈಗ ಅಂಗಳದ ತುಂಬ ಕಡಪಾ ಬಂಡೆ ಹೊಳೆಯುತ್ತಿದೆ. ಒಂದು ಕಡೆ ಅವಳ ಸಂಡಿಗೆ, ಇನ್ನೊಂದು ಕಡೆ ಒಣಗುತ್ತಿರುವ ನನ್ನ ಲಾನು. ನಡುವೆ ಕುರ್ಚಿಯಲ್ಲಿ ನಾನು, ಗುಬ್ಬಿ ಓಡಿಸುವ ಕೋಲು ಹಿಡಿದು. ಎದ್ದರೆ ಗುಬ್ಬಿಗಳು ಇಳಿಯುತ್ತವೆ, ಹಾಗಾಗಿ ಏಳುವಂತಿಲ್ಲ. ಒಳಗಿನಿಂದ ಅರುಣಾ ತಾಯಿಗೆ ಫೋನಿನಲ್ಲಿ ಹೇಳುತ್ತಿರುವುದು ಕೇಳಿಸುತ್ತಿದೆ:

"ಕಲ್ಲು ಹಾಸಿಸಿದ್ದು ಭಾಳ ಚೊಲೋ ಆತವ್ವ. ಸಂಡಿಗಿ ಒಣಗತಾವ, ಇವರೂ ಒಂದು ಕಡಿ ಕುಂದರತಾರ."