ತೂಗುಮಂಚದ ಸರದಾರ

ಹತ್ತೊಂಬತ್ತು ವರ್ಷ ರೊಟ್ಟಿ ಬಡಿದ ಹೆಂಡತಿಯ ಕೈಗೆ ಒಂದು ತಿಂಗಳು ರಜೆ ಕೊಡಬೇಕೆಂಬ ಮಹದ್ವಿಚಾರ ನನ್ನ ತಲೆಯಲ್ಲಿ ಹುಟ್ಟಿತು. (ನಿಜ ಹೇಳಬೇಕೆಂದರೆ ಅವಳೇ ಹುಟ್ಟಿಸಿದ್ದು. ಮನೆಯ ಯಜಮಾನ ನಾನಾದ್ದರಿಂದ ನನ್ನ ಹೆಸರಿಗೆ ಹಾಕಿಕೊಂಡಿದ್ದೇನೆ.) ವಿಜಾಪುರದ ಕಚೇರಿಯಲ್ಲಿ ಕಾರಕೂನನಾದ ನನಗೆ ರಜೆ ಮಂಜೂರಾದ ದಿನ ಎದೆ ಉಬ್ಬಿಸಿ ಹೇಳಿದೆ:

"ಸಾವಂತ್ರವ್ವಾ, ಪುಣೆಕ್ಕ ಹೋಗೂಣು. ಬಸವಣ್ಣನ ಆಣಿ, ಈ ತಿಂಗಳು ನಿನ್ನ ಕೈಗೆ ಹಿಟ್ಟು ಹತ್ತಬಾರದು. ಹತ್ತಿದ್ರ ನನ್ನ ಕೈಗೆ ಹತ್ತಲಿ!"

"ನೆನಪಿರಲಿ ಮತ್ತ," ಎಂದಳು. ಆಣೆ ಇಡುವಾಗ ಮನುಷ್ಯ ಸ್ವಲ್ಪ ಅಳೆದು ತೂಗಿ ಇಡಬೇಕು.

ಪುಣೆಯ ಕಸಬಾ ಪೇಠೆಯಲ್ಲಿ ಒಂದು ಹಳೆಯ ವಾಡೆ, ನಡುವೆ ಅಂಗಳವಿರುವ ದೊಡ್ಡ ಮನೆ. ಮಹಡಿಯ ದಿವಾನಖಾನೆ ಬಾಡಿಗೆಗಿತ್ತು. ಹಾಸಿಗೆ, ಪಾತ್ರೆ, ಎರಡು ಹೊತ್ತಿನ ಊಟ, ಮೀಯಲು ಬಿಸಿನೀರು ಎಲ್ಲವೂ ಮನೆಯವರದೇ. ನಾವು ಉಸಿರಾಡಿದರೆ ಸಾಕು. ಕಿಟಕಿಯ ಬಣ್ಣದ ಗಾಜಿನಿಂದ ಬಿಸಿಲು ಕೆಂಪಾಗಿ, ಹಸಿರಾಗಿ ನೆಲಕ್ಕೆ ಇಳಿಯುತ್ತಿತ್ತು. ಅಂಗಳದ ಹೌದದಲ್ಲಿ, ಅಂದರೆ ಕಲ್ಲಿನ ತೊಟ್ಟಿಯಲ್ಲಿ, ಕಾತ್ರಜದ ಕೆರೆಯಿಂದ ಬಂದ ನೀರು ಗುಳುಗುಳು ಮಾತಾಡುತ್ತಿತ್ತು. ಕೋಣೆಯ ನಡುವೆ, ಹಿತ್ತಾಳೆಯ ಸರಪಳಿಗಳಿಂದ ತೂಗಿದ ಮಂಚ! ಅದನ್ನು ಕಂಡದ್ದೇ ತಡ, ನನಗೆ ನಾನು ಕಾರಕೂನ ಎಂಬುದು ಮರೆತುಹೋಯಿತು. ಮಂಚದ ಮೇಲೆ ಒರಗಿದ್ದೇನೆ, ಎಲೆ ಅಡಿಕೆ ತಬಕಿನಲ್ಲಿದೆ, ಕೆಳಗೆ ನನ್ನ ಕುದುರೆ ಕೆನೆಯುತ್ತಿದೆ...

"ನಿಮಗೆ ಮೋಡಿ ಓದಲು ಬರುತ್ತದೆಯೇ?"

ಕೇಳಿದವರು ಮನೆಯ ಸೊಸೆ ಕೃಷ್ಣಾಬಾಯಿ, ಮರಾಠಿಯಲ್ಲಿ. ಹೋದ ವಾರ ಅಟ್ಟದ ಮೇಲೆ ಹಿರಿಯರ ಕಾಗದಗಳ ಪೆಟ್ಟಿಗೆ ಸಿಕ್ಕಿತ್ತಂತೆ. ಎಲ್ಲ ಹಳೆಯ ಮೋಡಿ ಲಿಪಿ. ಮಾವ ಅವಧೂತರಾಯರಿಗೆ ಕಣ್ಣು ಮಂಜು. ಓದಿ ಹೇಳುವವರಿಗೇ ಈ ಕೋಣೆ ಎಂದು ಅವರ ಹಟ. ಮೆಟ್ಟಿಲ ಮೇಲೆ ಆಗಲೇ ಇನ್ನೊಬ್ಬ ಗಿರಾಕಿ ಕೆಮ್ಮುತ್ತಾ ನಿಂತಿದ್ದ.

"ಮೋಡಿಯೇ? ನೀರು ಕುಡಿದಷ್ಟು ಸಲೀಸು!" ಎಂದುಬಿಟ್ಟೆ. ಮೋಡಿಗೂ ನನಗೂ ಇದ್ದ ಸಂಬಂಧವೆಂದರೆ ಕಚೇರಿಯಲ್ಲಿ ಅಂಥ ದಫ್ತರಗಳ ಧೂಳು ಕೊಡವಿದ್ದು ಮಾತ್ರ.

ಮರುದಿನದಿಂದ ನಾಲ್ಕು ಗಂಟೆಗೆ ಸರಿಯಾಗಿ ಅವಧೂತರಾಯರು ಪೆಟ್ಟಿಗೆಯೊಂದಿಗೆ ಮೇಲೆ ಬರತೊಡಗಿದರು. ಹಿರಿಯರು, ಆದ್ದರಿಂದ ತೂಗುಮಂಚ ಅವರಿಗೆ. ನನಗೆ ಕೆಳಗೆ ಚಾಪೆ. (ಬೆಳಗಿನ ಹೊತ್ತು ಮಂಚ ಸಾವಂತ್ರವ್ವನದು. ಅವಳು ಅದರ ಮೇಲೆ ಕಾಲು ಇಳಿಬಿಟ್ಟು ಕೂತರೆ ಊಟದ ತನಕ ಇಳಿಯುತ್ತಿರಲಿಲ್ಲ.)

"ವಾಚಾ, ರಾವ್, ವಾಚಾ," ಎನ್ನುವರು ಮುದುಕರು. ಓದಬೇಕು! ಕಾಗದದ ತುಂಬ ಒಣಹಾಕಿದ ಶಾವಿಗೆ. ಕಣ್ಣು ಮುಚ್ಚಿದೆ, ಬಾಯಿ ತೆರೆದೆ. ಅವರ ಪೂರ್ವಜರು ಐನೂರು ಕುದುರೆಗಳೊಂದಿಗೆ ಕಾತ್ರಜದ ಘಾಟು ಹತ್ತಿದರು. ಮರುದಿನ ಭೀಮಾ ನದಿ ದಾಟಿದರು. ಮೂರನೆಯ ದಿನದ ಹೊತ್ತಿಗೆ ಮೋಡಿಯೂ ಇಲ್ಲ, ಚಾಪೆಯೂ ಇಲ್ಲ. ಮುಂದಿನ ಕುದುರೆಯ ಮೇಲೆ ನಾನೇ ಇದ್ದೆ, ಬೆಳದಿಂಗಳಲ್ಲಿ, ಕತ್ತಿ ಹಿಡಿದುಕೊಂಡು. ವಾರವೆಲ್ಲ ಚಪಾತಿ ತಿಂದು ನಾಲಿಗೆ ಬೇಸತ್ತಿತ್ತು. ಹಾಗಾಗಿ ಆ ವೀರರ ಜೀನು ಚೀಲದಲ್ಲಿ ವಿಜಾಪುರದ ಕಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಇಟ್ಟೆ. ಮುದುಕರ ಕಣ್ಣಲ್ಲಿ ನೀರು. ಬಾಗಿಲ ಮರೆಯಲ್ಲಿ ಸಾವಂತ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನನ್ನ ವಾಗ್ವೈಭವಕ್ಕೆ ಗಂಟಲು ಕಟ್ಟಿರಬೇಕೆಂದು ತಿಳಿದೆ.

ಶನಿವಾರ ಅವಧೂತರಾಯರು, "ನಾಳೆ ಪೇಠೆಯ ನಾಲ್ವರು ಹಿರಿಯರನ್ನು ಕರೆದಿದ್ದೇನೆ. ಅವರ ಮುಂದೆ ಓದಿ. ಇಬ್ಬರಿಗೆ ಮೋಡಿ ಚೆನ್ನಾಗಿ ಬರುತ್ತದೆ," ಎಂದು ಹೆಮ್ಮೆಯಿಂದ ಹೇಳಿ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಇಳಿದುಹೋದರು. ಖಾಲಿಯಾದ ಮಂಚವನ್ನು ಸಾವಂತ್ರವ್ವ ಏರಿದಳು.

ನಾನು ಟ್ರಂಕು ಎಳೆದೆ. "ಏ, ಗಂಟು ಕಟ್ಟು! ಈಗಿಂದೀಗ ಹೋಗೂಣು."

"ಯಾಕ್ರೀ? ಕುದುರಿ ಓಡಿಹೋತೇನು?"

"ಚ್ಯಾಷ್ಟಿ ಬ್ಯಾಡ. ನನಗ ಮೋಡಿಯೊಳಗ ಒಂದಕ್ಷರ ಬರೂದಿಲ್ಲ. ಆ ಮುದುಕರ ಮುಂದ ಮಾನ ಹೋಗ್ತದ."

ಅವಳು ಮಂಚದಿಂದ ಇಳಿಯದೆಯೇ ಕಾಗದ ತೆಗೆದುಕೊಂಡು ಸರಾಗವಾಗಿ ಓದತೊಡಗಿದಳು. ನಾನು ಟ್ರಂಕಿನ ಮೇಲೆಯೇ ಕುಸಿದೆ.

"ನಿಪ್ಪಾಣಿಯೊಳಗ ನಮ್ಮಪ್ಪನ ತಂಬಾಕದ ಅಂಗಡಿ ಲೆಕ್ಕದ ವಹಿ ಎಲ್ಲಾ ಮೋಡಿನ. ನಾನಽ ಬರಕೊಡತಿದ್ದೆ."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀವು ಕೇಳೀರೇನು? ಹತ್ತೊಂಬತ್ತು ವರ್ಷದಾಗ ಒಂದಽ ಮಾತು, 'ರೊಟ್ಟಿ ಆತೇನು?'"

ನಾಚಿಕೆಯಾಯಿತು. ನಿಜವಾಗಿಯೂ ಆಯಿತು.

ಭಾನುವಾರ ನಾಲ್ವರು ಹಿರಿಯರ ಮುಂದೆ ಸಾವಂತ್ರವ್ವನೇ ಓದಿದಳು. ಅದರಲ್ಲಿ ಐನೂರಿರಲಿ, ಒಂದು ಕುದುರೆಯೂ ಇರಲಿಲ್ಲ. ಅವಧೂತರಾಯರ ಪೂರ್ವಜರು ಕಾರಕೂನರು. ಧಣಿಗೆ ಅರ್ಜಿ ಬರೆದಿದ್ದರು: ಮನೆಯಾಕೆ ದುಡಿದು ದಣಿದಿದ್ದಾಳೆ, ಒಂದು ತಿಂಗಳು ರಜೆ ದಯಪಾಲಿಸಬೇಕು. ಕೆಳಗೆ ಬೇರೆ ಕೈಬರಹದಲ್ಲಿ: ರಜೆ ಇಲ್ಲ.

ಅವಧೂತರಾಯರ ಎದೆ ಒಡೆಯಿತೆಂದೇ ತಿಳಿದೆ. ಅವರು ತೂಗುವುದನ್ನು ನಿಲ್ಲಿಸಿ ನಾನಿದ್ದ ಕಡೆ ಮುಖ ತಿರುಗಿಸಿದರು.

"ಹಾಗಾದರೆ ರಾವ್, ಕುದುರೆ ಸುಳ್ಳು?"

"ಸುಳ್ಳು," ಎಂದೆ.

"ಕತ್ತಿ?"

"ಅದೂ."

"ಆ ಕಡಕ್ ರೊಟ್ಟಿ?" ಅವರು ಮುಂದಕ್ಕೆ ಬಾಗಿದರು. "ಕೇಳಿದಂದಿನಿಂದ ಅದೇ ಕನಸು ಕಾಣುತ್ತಿದ್ದೇನೆ. ಅದಾದರೂ ನಿಜವೇ?"

"ರೊಟ್ಟಿ ಖರೇನ ಅದರಿ," ಎಂದಳು ಸಾವಂತ್ರವ್ವ, ತನ್ನ ನಿಪ್ಪಾಣಿಯ ಮರಾಠಿಯಲ್ಲೂ ಅದನ್ನೇ ಹೇಳಿ. "ಆದ್ರ ಈ ತಿಂಗಳು ನಾನು ಹಿಟ್ಟು ಮುಟ್ಟಾಂಗಿಲ್ಲ. ಬಸವಣ್ಣನ ಆಣಿ ಅದ. ಯಾರು ಆಣಿ ಇಟ್ಟಾರೋ ಅವರಽ ಬಡೀತಾರ."

ಆ ದಿನದಿಂದ ನಾಲ್ಕು ಗಂಟೆಗೆ ಓದು ಸಾವಂತ್ರವ್ವನದು. ಅವಧೂತರಾಯರು ತಾವಾಗಿ ಆರಾಮಕುರ್ಚಿಗೆ ಸರಿದು ಮಂಚವನ್ನು ಅವಳಿಗೆ ಬಿಟ್ಟರು. ಕೃಷ್ಣಾಬಾಯಿ ಅವಳ ಕೈಗೇ ಚಹಾ ತಂದುಕೊಡುತ್ತಾರೆ. ನಾನು ಕೆಳಗಿನ ಅಡಿಗೆಮನೆಯಲ್ಲಿ ಒಲೆಯ ಮುಂದೆ ಕೂತು, ಹರಿದ ರೊಟ್ಟಿಗೆ ತೇಪೆ ಹಾಕುತ್ತಿರುತ್ತೇನೆ. ಹೌದದ ನೀರು ಗುಳುಗುಳು ಎನ್ನುತ್ತದೆ. ಹೊಗೆಯಲ್ಲಿ ಕಣ್ಣು ಮುಚ್ಚಿದರೆ ನನ್ನ ಕುದುರೆ ಈಗಲೂ ಬೆಳದಿಂಗಳಲ್ಲಿ ಘಾಟು ಹತ್ತುತ್ತದೆ. ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಮಹಡಿಯಿಂದ, ಸರಪಳಿಯ ಸದ್ದಿನ ಜೊತೆಗೆ, ದನಿ ತೇಲಿಬರುತ್ತದೆ:

"ಏನ್ರೀ, ರೊಟ್ಟಿ ಆತೇನು?"