ಷಡ್ಡಕನ ಕಪ್ಪು ಪರದೆ

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ. ಪಕ್ಕದ ಮನೆಯವರು ಕಾರು ಕೊಂಡರೆ ನಾಲ್ಕು ದಿನ ಉರಿಯುತ್ತದೆ. ಆಮೇಲೆ ಅವರು ಅದನ್ನು ನಿಲ್ಲಿಸಲು ಜಾಗವಿಲ್ಲದೆ ಬೀದಿಯುದ್ದಕ್ಕೂ ಹಿಂದೆ ಮುಂದೆ ಒದ್ದಾಡುವುದನ್ನು ನೋಡಿ ತಣ್ಣಗಾಗುತ್ತದೆ. ಆಫೀಸಿನಲ್ಲಿ ಇನ್ನೊಬ್ಬನಿಗೆ ಬಡ್ತಿ ಸಿಕ್ಕರೂ ಅಷ್ಟೇ, ಪಾಪ ಅವನು ಭಾನುವಾರವೂ ಬರಬೇಕಂತೆ ಎಂಬ ಸುದ್ದಿ ಕಿವಿಗೆ ಬಿದ್ದೊಡನೆ ಅರ್ಧ ಉರಿ ಇಳಿಯುತ್ತದೆ. ಯಾವ ನೀರು ಸುರಿದರೂ ಆರದ ಉರಿ ಒಂದೇ, ಅದು ಷಡ್ಡಕನ ಮೇಲಿನದು. ಒಂದೇ ಅತ್ತೆ, ಒಂದೇ ಮಾವ, ಊಟಕ್ಕೆ ಒಂದೇ ಪಂಕ್ತಿ. ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಹೋಲಿಸಿ ನೋಡುವುದಕ್ಕೆ ಯಾರೂ ಶ್ರಮಪಡಬೇಕಾಗಿಲ್ಲ.

ನನ್ನ ಷಡ್ಡಕನ ಹೆಸರು ಪ್ರಶಾಂತ. ನನ್ನ ಹೆಂಡತಿ ಸುಮಾಳ ತಂಗಿಯ ಗಂಡ. ಆರ್.ಟಿ. ನಗರದಲ್ಲಿ ಮನೆ, ಅಲ್ಲೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ಇವನು ಬರುವ ಮುಂಚೆ ಮತ್ತಿಕೆರೆಯ ನಮ್ಮ ಮಾವನ ಮನೆಗೆ ನಾನೊಬ್ಬನೇ ಅಳಿಯ, ನಾನೊಬ್ಬನೇ ಕಂಪ್ಯೂಟರ್ ತಜ್ಞ. ಪೀಣ್ಯದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕೂತು ಕೀಲಿಮಣೆ ಕುಟ್ಟುವ ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ಆ ಮನೆಯಲ್ಲಿ ಅಷ್ಟಕ್ಕೇ ಬೇಕಾದಷ್ಟು ಮರ್ಯಾದೆಯಿತ್ತು. ಮಾವನ ಮೊಬೈಲು ಕೂಗದಿದ್ದರೆ ನಾನು ಯಲಹಂಕದಿಂದ ಸ್ಕೂಟರ್ ಹತ್ತಿ ಬಂದು ಅದರ ಪಕ್ಕದ ಗುಂಡಿ ಒತ್ತುತ್ತಿದ್ದೆ, ಅದು ಕೂಗುತ್ತಿತ್ತು. "ನಮ್ಮ ಅಳಿಯಂದ್ರಿಗೆ ಇದೆಲ್ಲಾ ನೀರು ಕುಡಿದಷ್ಟು ಸಲೀಸು ಕಣ್ರೀ" ಎಂದು ಅತ್ತೆ ಕಾಂಪೌಂಡಿನಾಚೆಯವರಿಗೆ ಹೇಳುವುದು ನನಗೂ ಕೇಳಿಸುತ್ತಿತ್ತು. ಕೇಳಿಸಲಿ ಎಂದೇ ನಾನು ಸ್ಕೂಟರನ್ನು ನಿಧಾನವಾಗಿ ಹತ್ತುತ್ತಿದ್ದೆ.

ನಮ್ಮ ಅತ್ತೆ ಹಾಡುಗಾರ್ತಿ. ಆ ಬಡಾವಣೆಯ ಹೆಂಗಸರನ್ನು ಕಟ್ಟಿಕೊಂಡು ಮದುವೆಮನೆಗಳಲ್ಲಿ ಹಸೆಹಾಡು, ಆರತಿಹಾಡು, ಬೀಗರನ್ನು ಛೇಡಿಸುವ ಹಾಡು ಎಲ್ಲವನ್ನೂ ಹೇಳುತ್ತಾರೆ. ಕೊನೆಯ ಮಗಳ ಮದುವೆ ಗೊತ್ತಾದಾಗ ಅವರಿಗೊಂದು ಆಸೆ ಹುಟ್ಟಿತು. ಈಗಿನ ಹುಡುಗಿಯರಿಗೆ ಹಾಡುಗಳು ಬಾಯಿಗೆ ಬರುವುದಿಲ್ಲ, ಆದ್ದರಿಂದ ಎಲ್ಲವನ್ನೂ ಅಚ್ಚು ಹಾಕಿಸಿ ಒಬ್ಬೊಬ್ಬರ ಕೈಗೂ ಕೊಡಬೇಕು. ಗುಂಪಿನವರೆಲ್ಲ ತಮ್ಮ ತಮ್ಮ ಹಾಡುಗಳನ್ನು ವಾಟ್ಸಾಪಿಗೆ ಹಾಕಬೇಕು. ಹೊಸಬರು ತಡವರಿಸಬಾರದೆಂದು ಪ್ರತಿ ನುಡಿಯ ಕೆಳಗೂ ಮತ್ತೆ ಮತ್ತೆ ಬರುವ ಸೊಲ್ಲನ್ನು ಪೂರ್ತಿಯಾಗಿ ಬರೆಯಬೇಕು. ಇದು ಅತ್ತೆಯ ಕಟ್ಟಪ್ಪಣೆ. ಹೆಂಗಸರು ಹಾಕಿದರು. ಹಾಡಿನ ಜೊತೆಗೆ ಶುಭೋದಯ, ಶುಭರಾತ್ರಿ, "ಕುಕ್ಕರ್ ಗ್ಯಾಸ್ಕೆಟ್ ಎಲ್ಲಿ ಸಿಗುತ್ತೆ", "ಇವತ್ತು ನೀರು ಬಂತಾ" ಎಲ್ಲವನ್ನೂ ಹಾಕಿದರು. ಇದನ್ನೆಲ್ಲ ಒಂದೇ ಪಠ್ಯದ ಕಡತವಾಗಿ ಇಳಿಸಿಕೊಂಡಾಗ ಹಾಡಿಗಿಂತ ಗ್ಯಾಸ್ಕೆಟ್ಟೇ ಹೆಚ್ಚಿತ್ತು.

ಬೇಡದ ಸಾಲುಗಳನ್ನು ಅಳಿಸುವ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರ ಭಾನುವಾರ ಮತ್ತಿಕೆರೆಗೆ ಹೋಗಿ, ಒಂದು ಸಾಲಿನ ಮೇಲೆ ಮೌಸ್ ಎಳೆದು ಡಿಲೀಟ್ ಒತ್ತುವುದು, ಮುಂದಿನದಕ್ಕೆ ಹೋಗುವುದು. ಪಕ್ಕದಲ್ಲಿ ಕೋಡುಬಳೆಯ ತಟ್ಟೆ, ಹಬೆಯಾಡುವ ಕಾಫಿ. "ಪಾಪ, ಎಷ್ಟೊತ್ತಿಂದ ಕೂತಿದಾರೆ, ಕತ್ತು ನೋಯಲ್ವಾ" ಎಂದು ಅತ್ತೆ ಮರುಗುವರು. ನಾನು ಕತ್ತನ್ನು ಸ್ವಲ್ಪ ಹಿಂಡಿಕೊಂಡು ತೋರಿಸುವೆ. ನಿಜ ಹೇಳುತ್ತೇನೆ, ಈ ಕೆಲಸ ಮುಗಿಯಲೇಬೇಕೆಂಬ ಆತುರ ನನಗೇನೂ ಇರಲಿಲ್ಲ.

ಅಂಥ ಒಂದು ಭಾನುವಾರ ಪ್ರಶಾಂತ ಬಂದ. ನನ್ನ ಬೆನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, "ಭಾವ, ಒಂದೊಂದೇ ಅಳಿಸ್ತಿದೀರಾ? ಒಂದ್ನಿಮಿಷ ಏಳ್ತೀರಾ?" ಎಂದ. ಎದ್ದೆ. ಏಳದೆ ಏನು ಮಾಡಲಿ, ಅತ್ತೆ ಅಲ್ಲೇ ನಿಂತಿದ್ದರು. ಅವನೊಂದು ಕಪ್ಪು ಪರದೆ ತೆರೆದ. ಚಿತ್ರವಿಲ್ಲ, ಗುಂಡಿಯಿಲ್ಲ, ಬರೀ ಮಿಣುಕುವ ಒಂದು ಗೆರೆ. ಗ್ರೆಪ್ ಎಂದು ಟೈಪ್ ಮಾಡಿದ, ಪಕ್ಕದಲ್ಲೊಂದು ಸಣ್ಣ ಗೆರೆ, ಒಂದು ವಿ ಅಕ್ಷರ, ಆಮೇಲೆ ಶುಭೋದಯ, ಗ್ಯಾಸ್ಕೆಟ್ ಇತ್ಯಾದಿ. "ಈ ಪದಗಳಿರೋ ಸಾಲು ಬಿಟ್ಟು ಮಿಕ್ಕಿದ್ದು ಮಾತ್ರ ಕೊಡು ಅಂತ ಇದರರ್ಥ ಭಾವ, ಅಷ್ಟೇ" ಎಂದು ಎಂಟರ್ ಒತ್ತಿದ. ಇನ್ನೊಂದು ಸಾಲು ಬರೆದು ಸಾಲುಗಳ ಮುಂದಿದ್ದ ಹೆಸರು, ತಾರೀಖುಗಳನ್ನೂ ಕತ್ತರಿಸಿದ. ನನ್ನ ಮುಂದಿನ ಭಾನುವಾರಗಳೆಲ್ಲ ಅಲ್ಲಿಗೆ ಮುಗಿದವು.

"ಅಯ್ಯೋ ನನ್ನಪ್ಪಾ, ಇಷ್ಟೇನಾ!" ಎಂದು ಅತ್ತೆ ಅವನ ತಲೆ ಸವರಿದರು. ನನ್ನ ತಲೆಯನ್ನು ಅವರು ಎಂದೂ ಸವರಿದವರಲ್ಲ. ನಾನು ಹಿರಿಯ ಅಳಿಯ, ನನಗೆ ಮರ್ಯಾದೆ, ಅವನಿಗೆ ಮುದ್ದು. ಕೋಡುಬಳೆಯ ತಟ್ಟೆ ನನ್ನ ಕಣ್ಣೆದುರೇ ಅವನ ಕಡೆ ಸರಿಯಿತು. ಅವನು ಅದರಲ್ಲಿ ಒಂದನ್ನು ನನಗೇ ಕೊಟ್ಟು, "ಬೇಕಿದ್ರೆ ಹೇಳ್ಕೊಡ್ತೀನಿ ಭಾವ, ತುಂಬಾ ಈಸಿ" ಎಂದ. ಮೈಯೆಲ್ಲ ಉರಿದುಹೋಯಿತು. ಕೆಟ್ಟವನಾಗಿದ್ದರೆ ಬೈದುಕೊಂಡು ನೆಮ್ಮದಿಯಾಗಿರಬಹುದಿತ್ತು. ಈ ಮನುಷ್ಯ ಬೈಯುವುದಕ್ಕೂ ಒಂದು ಅವಕಾಶ ಕೊಡುವುದಿಲ್ಲ.

ಅವನ ಕೈಲಿ ಹೇಳಿಸಿಕೊಳ್ಳುವುದುಂಟೇ! ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ, ಡಬ್ಬಿ ತೆರೆದಿಟ್ಟುಕೊಂಡೇ ನಾನು ಆ ವಿದ್ಯೆಗೆ ಕೂತೆ. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಖಾಲಿ ಸಾಲು ಅಳಿಸುವುದು ಹೇಗೆ, ಮೊದಲ ಸಾಲು ಅಳಿಸುವುದು ಹೇಗೆ, ಕೊನೆಯದು ಹೇಗೆ. ಪ್ರಪಂಚದಲ್ಲಿ ಬೇಡದ ಸಾಲುಗಳಿಂದ ಕಂಗೆಟ್ಟವರು ಇಷ್ಟೊಂದು ಮಂದಿ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. "ಏನ್ ಗುರು, ಈ ವಯಸ್ಸಲ್ಲಿ ಹ್ಯಾಕರ್ ಆಗ್ತೀಯಾ?" ಎಂದು ಪಕ್ಕದ ಮೇಜಿನ ಗಿರೀಶ ಕಿಚಾಯಿಸಿದ. ನಗಲಿ ಬಿಡಿ. ಕಲಿತದ್ದನ್ನು ತೋರಿಸುವುದಕ್ಕೆ ನನಗೊಂದು ವೇದಿಕೆ ಬೇಕಾಗಿತ್ತು, ಅದೂ ಸಿಕ್ಕಿತು.

ಮದುವೆಗೆ ವಾರವಿರುವಾಗ ಅತ್ತೆ ಕಡತವಿದ್ದ ಪೆನ್‌ಡ್ರೈವನ್ನು ನನ್ನ ಕೈಗಿತ್ತು, "ಪ್ರಶಾಂತ ಎಲ್ಲಾ ಸರಿ ಮಾಡಿಟ್ಟಿದಾನೆ. ನೀವು ಜೆರಾಕ್ಸ್ ಅಂಗಡಿಲಿ ಪ್ರಿಂಟ್ ಹಾಕಿಸ್ಕೊಂಡ್ ಬಂದ್ರೆ ಸಾಕು" ಎಂದರು. ಅಂಗಡಿಗೆ ಹೋಗುವ ಕೆಲಸ ನನಗೆ! ಮನೆಗೆ ಬಂದು ಕಡತ ತೆರೆದೆ. ನೋಡುತ್ತೇನೆ, ಒಂದೇ ಹಾಡು ಅಲ್ಲಲ್ಲಿ ಮತ್ತೆ ಮತ್ತೆ ಬಂದಿದೆ. ಒಬ್ಬರು ಹಾಕಿದ್ದನ್ನೇ ಇನ್ನೊಬ್ಬರು ತಮ್ಮದೆಂದು ಹಾಕಿದ್ದಾರೆ. ಸಿಕ್ಕಿಬಿದ್ದ ನನ್ನ ಷಡ್ಡಕ! ನನಗಾದ ಆನಂದ ಅಷ್ಟಿಷ್ಟಲ್ಲ. ಅದಕ್ಕೂ ನನ್ನ ಬಳಿ ಒಂದು ಆಜ್ಞೆಯಿತ್ತು. ಆಕ್ ಎಂದು ಶುರುವಾಗುವ, ನಡುವೆ ಒಂದು ಆಶ್ಚರ್ಯಚಿಹ್ನೆಯುಳ್ಳ ಅರ್ಧ ಸಾಲು. ಒಮ್ಮೆ ಬಂದ ಸಾಲು ಮತ್ತೆ ಬಂದರೆ ಅದನ್ನು ಕಿತ್ತುಹಾಕು ಎಂಬುದು ಅದರ ಅರ್ಥ. ಒತ್ತಿದೆ. ಕಡತ ಅರ್ಧಕ್ಕಿಳಿಯಿತು. ಕಾಗದವೂ ಅರ್ಧ ಸಾಕಾಯಿತು. ಯಾರಿಗೂ ಹೇಳಲಿಲ್ಲ, ಸುಮಾಳಿಗೂ ಹೇಳಲಿಲ್ಲ. ಹಾಡೆಲ್ಲ ಮುಗಿದು ಜನ ಹೊಗಳುವಾಗ ಮೆಲ್ಲಗೆ, "ಪ್ರಶಾಂತನ ಕಡತದಲ್ಲಿ ಸ್ವಲ್ಪ ಕಸ ಉಳಿದಿತ್ತು, ನಾನೇ ತೆಗೆದೆ" ಎನ್ನಬೇಕು. ಈ ವಾಕ್ಯವನ್ನು ಕನ್ನಡಿಯ ಮುಂದೆ ಹೇಳಿಯೂ ನೋಡಿಕೊಂಡೆ.

ಮದುವೆ ಯಲಹಂಕದ ಒಂದು ಛತ್ರದಲ್ಲಿ. ಬೆಳಗಿನ ಹಾಡುಗಳನ್ನು ಅತ್ತೆಯೇ ಬಾಯಿಪಾಠವಾಗಿ ಹೇಳಿದ್ದರಿಂದ ಹಾಳೆಗಳು ಹೊರಗೆ ಬಂದಿರಲಿಲ್ಲ. ಮುಹೂರ್ತ ಮುಗಿದು ಸಂಜೆ ಉರುಟಣೆ. ಗಂಡುಹೆಣ್ಣನ್ನು ಎದುರುಬದುರು ಕೂರಿಸಿ ಆಟ ಆಡಿಸುವ, ಎರಡೂ ಕಡೆಯ ಹೆಂಗಸರು ಹಾಡಿನಲ್ಲೇ ಒಬ್ಬರನ್ನೊಬ್ಬರು ಛೇಡಿಸುವ ಹೊತ್ತು. ಇದಕ್ಕೆಂದೇ ಅತ್ತೆ ತಾವಾಗಿಯೇ ಒಂದು ಹೊಸ ಹಾಡು ಕಟ್ಟಿದ್ದರು, ದಾಸರಹಳ್ಳಿಯ ಬೀಗಿತ್ತಿಯನ್ನು ನಗಿಸಲು. ಆರತಿ ತಟ್ಟೆ ತರಲು ಒಳಗೆ ಹೋಗುತ್ತಾ, "ಹಾಳೆ ನೋಡ್ಕೊಂಡು ಶುರು ಮಾಡ್ರೇ" ಎಂದರು. ಹುಡುಗಿಯರು ಹಾಳೆ ಹಿಡಿದು ಶುರು ಮಾಡಿದರು.

"ನಗೆಮಾತು ಬೀಗಿತ್ತಿ, ನಗಬಾರದೇನೆ" ಎಂಬುದು ಸೊಲ್ಲು. ಅದೊಂದು ಸಲ ಬಂತು. ಬೀಗಿತ್ತಿ ನಕ್ಕರು. ಆಮೇಲೆ, ಬೀಗಿತ್ತಿ ಚಕ್ಕುಲಿ ಮುರಿಯೋಕೆ ಪೀಣ್ಯದ ಸುತ್ತಿಗೆ ಬೇಕು ಎಂಬ ನುಡಿ. ಸೊಲ್ಲಿಲ್ಲ. ಬೀಗಿತ್ತಿ ಸಾರಲ್ಲಿ ಬೇಳೆ ಹುಡುಕೋಕೆ ದುರ್ಬೀನು ಬೇಕು. ಸೊಲ್ಲಿಲ್ಲ. ಬೀಗಿತ್ತಿ ಗೊರಕೆಗೆ ಹೆದರಿ ಗೂಡ್ಸು ರೈಲು ಯಶವಂತಪುರದಲ್ಲೇ ನಿಂತುಹೋಯಿತು. ಸೊಲ್ಲಿಲ್ಲ! ನಗೆಮಾತು ಕಣೇ, ನಗಬಾರದೇನೇ ಎಂದು ಪ್ರತಿ ಸಲವೂ ಕೆನ್ನೆ ಸವರಬೇಕಾಗಿದ್ದ ಸಾಲನ್ನು ನಾನು ಕಿತ್ತುಹಾಕಿದ್ದೆ. ಉಳಿದದ್ದು ಬರೀ ಬೈಗುಳ, ರಾಗಬದ್ಧವಾಗಿ, ಉಸಿರು ಬಿಡದೆ. ಒಂದರಂತೆ ಇನ್ನೊಂದಿದ್ದ ಖಾಲಿ ಸಾಲುಗಳೂ ಹೋಗಿದ್ದರಿಂದ ಹುಡುಗಿಯರು ನಡುವೆ ನಿಲ್ಲಲೂ ಇಲ್ಲ.

ಬೀಗಿತ್ತಿಯ ಮುಖ ಕಪ್ಪಿಟ್ಟಿತು. "ಏನ್ರೀ ಇದು, ಹಾಡೋ ಜಗಳವೋ?" ಎಂದು ಎದ್ದೇ ನಿಂತರು. ವರನ ಅಜ್ಜಿ ಮೂಲೆಯಿಂದ, "ಇಂಗೆ ಬೈಸ್ಕೊಳ್ಳಕ್ಕಾ ನಾವು ಎಣ್ಣು ತಂದ್ಕೊಂಡಿದ್ದು? ನಡೀರಿ ಓಗಾನ" ಎಂದು ಸೆರಗು ಕೊಡವಿದರು. ಅತ್ತೆ ಆರತಿ ತಟ್ಟೆ ಹಿಡಿದೇ ಒಳಗಿಂದ ಓಡಿಬಂದರು. "ಸೊಲ್ಲೆಲ್ಲಿ ಹೋಯ್ತ್ರೇ?" ಎಂದರೆ, "ಆಂಟಿ, ಪೇಪರಲ್ಲೇ ಇಲ್ಲ" ಎಂದು ಹುಡುಗಿಯರು ಅಳುಮುಖ ಮಾಡಿದರು. ಹಸೆಮಣೆಯ ಮೇಲೆ ನನ್ನ ನಾದಿನಿಯ ಕಣ್ಣಲ್ಲಿ ನೀರು. ನಾನು ತಾಂಬೂಲದ ಚೀಲಗಳ ಹಿಂದೆ ನಿಂತು, ನೆಲ ಬಿರಿದು ನನ್ನನ್ನು ನುಂಗಬಾರದೇ ಎಂದುಕೊಳ್ಳುತ್ತಿದ್ದೆ.

ಪ್ರಶಾಂತ ಒಂದು ಹಾಳೆ ತೆಗೆದುಕೊಂಡು ಕಣ್ಣಾಡಿಸಿದ. ಅವನಿಗೆ ತಕ್ಷಣ ಗೊತ್ತಾಯಿತು. ತಲೆಯೆತ್ತಿ ನೇರ ನನ್ನನ್ನೇ ನೋಡಿ ಸಣ್ಣಗೆ ನಕ್ಕ. ಆಮೇಲೆ ಹಸೆಯ ಮುಂದೆ ಹೋಗಿ, ಬೀಗಿತ್ತಿಗೆ ಕೈಮುಗಿದು, "ಅಮ್ಮಾ, ತಪ್ಪೆಲ್ಲಾ ನಂದು. ಕಂಪ್ಯೂಟರಲ್ಲಿ ಸೊಲ್ಲು ಅಳಿಸಿಹೋಗಿದೆ. ನಮ್ಮತ್ತೆ ಬರೆದ ಹಾಡು ಹೀಗಿಲ್ಲ, ನಾನೇ ಹಾಡಿ ತೋರಿಸ್ತೀನಿ" ಎಂದ. ಹಾಡಿಯೂಬಿಟ್ಟ. ಹುಡುಗಿಯರು ಒಂದೊಂದು ನುಡಿ ಹೇಳುವುದು, ಇವನು ಸೊಂಟದ ಮೇಲೆ ಕೈಯಿಟ್ಟು, ಕತ್ತು ಕೊಂಕಿಸಿ, "ನಗೆಮಾತು ಬೀಗಿತ್ತಿ, ನಗಬಾರದೇನೆ" ಎಂದು ಎಳೆಯುವುದು. ಗೊರಕೆಯ ನುಡಿಗೆ ಬರುವ ಹೊತ್ತಿಗೆ ಬೀಗಿತ್ತಿ ಕಣ್ಣೊರೆಸಿಕೊಂಡು ನಗುತ್ತಿದ್ದರು. ಅಜ್ಜಿ, "ಇನ್ನೊಂದ್ ಕಿತ ಏಳಪ್ಪಾ" ಎಂದರು. ಕಂಠವೂ ಚೆನ್ನಾಗಿದೆ ದರಿದ್ರದವನದು!

ಮದುವೆ ಉಳಿಯಿತಲ್ಲ ಎಂದು ನಾನು ಸಮಾಧಾನಪಡಬೇಕಾಗಿತ್ತು. ಪಟ್ಟೆ, ಸುಳ್ಳಲ್ಲ. ಆದರೆ ಊಟದ ಪಂಕ್ತಿಯಲ್ಲಿ ಅತ್ತೆ ಅವನ ಎಲೆಗೆ ಬೇಡ ಬೇಡವೆಂದರೂ ಹೋಳಿಗೆ ಬಡಿಸಿ, ತುಪ್ಪ ಸುರಿದು, "ಮನಸ್ಸಿಗೆ ಹಚ್ಕೋಬೇಡಪ್ಪಾ. ಅಷ್ಟು ಕೆಲಸ ಮಾಡೋರ ಕೈಲಿ ಒಂದು ತಪ್ಪಾಗುತ್ತೆ. ಎಲ್ಲರೆದುರು ಒಪ್ಕೊಂಡ್ಯಲ್ಲ, ಎಂಥಾ ದೊಡ್ಡ ಗುಣ ನಿಂದು!" ಎನ್ನತೊಡಗಿದಾಗ ನನ್ನ ತಾಳ್ಮೆಯ ಕಟ್ಟೆಯೊಡೆಯಿತು. ಆ ಕಪ್ಪು ಪರದೆಯಲ್ಲಿ ನಾನಾಗಿ ಮಾಡಿದ್ದು ಅದೊಂದೇ ಕೆಲಸ. ಡಬ್ಬಿಯ ಊಟ ತಣ್ಣಗಾಗಲು ಬಿಟ್ಟು ಕಲಿತು ಮಾಡಿದ್ದು. ಅದನ್ನೂ ಇವನೇ ತೆಗೆದುಕೊಂಡು ಹೋಗುವುದೆಂದರೇನು?

"ಅತ್ತೇ, ಅದು ಮಾಡಿದ್ದು ಅವನಲ್ಲ, ನಾನು!" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಎಂದೆ. ಪಕ್ಕದಲ್ಲಿದ್ದ ಸುಮಾ ಕಾಲು ತುಳಿದಳು. ಬಿಡಲಿಲ್ಲ. "ಆಕ್ ಅಂತ ಒಂದು ಆಜ್ಞೆ ಇದೆ, ಅದನ್ನ ಹಾಕಿ ಸೊಲ್ಲು ಅಳಿಸಿದ್ದು ನಾನೇ. ಬೇಕಾದ್ರೆ ಬರೆದು ತೋರಿಸ್ತೀನಿ."

ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. "ಷಡ್ಡಕನ್ನ ಉಳಿಸೋಕೆ ಹೀಗಂತೀರಾ, ಒಳ್ಳೇ ಮನಸ್ಸು" ಎಂದು ನನ್ನ ಎಲೆಯ ತುದಿಗೆ ಒಂದಿಷ್ಟು ಉಪ್ಪಿನಕಾಯಿ ಬಡಿಸಿ, "ಆದ್ರೆ ಅದೆಲ್ಲಾ ನಿಮಗೆಲ್ಲಿ ಬರ್ಬೇಕು, ಊಟ ಮಾಡಿ" ಎಂದು ಮುಂದಿನ ಎಲೆಗೆ ಹೋದರು.